ನಳ್ಳಿಯಲ್ಲಿ ಲಾವಂಚ

ಬೆಳಿಗ್ಗೆ ಆರೂವರೆಗೆ ಪಾರೆಪದವು ಪಂಚಾಯತಿನ ಪಂಪಿಗೆ ಬೆಲ್ಟು ಬಂದಿಲ್ಲ ಎಂಬುದು ಖಚಿತವಾಯಿತು. ಹನ್ನೊಂದು ಗಂಟೆಗೆ ಮಂಗಳೂರಿನಿಂದ ದೊಡ್ಡ ಸಾಹೇಬರು ಬಂದು ಪೇಟೆಯ ಮೊದಲ ನಳ್ಳಿಯನ್ನು ತಿರುಗಿಸುವುದೆಂದು ನಿಗದಿಯಾಗಿತ್ತು.

ಇದು ೧೯೬೩ರ ಮಾರ್ಚ್ ತಿಂಗಳ ಮಾತು. ಪಾರೆಪದವು ಎಂದರೆ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ ಎರಡು ಸಾಲು ಅಂಗಡಿ, ಒಂದು ಶಾಲೆ, ಒಂದು ಮಸೀದಿ ಮತ್ತು ಪಂಚಾಯತಿನ ಹಂಚಿನ ಕಟ್ಟಡ. ನೆಲವೆಲ್ಲ ಕೆಂಪುಕಲ್ಲು. ಬಾವಿ ತೋಡಿದರೆ ಕಲ್ಲು ಸಿಗುತ್ತದೆ, ನೀರು ಸಿಗುವುದಿಲ್ಲ. ಹಾಗಾಗಿ ಆ ಊರಿನಲ್ಲಿ ಮನೆ ಕಟ್ಟುವುದು ಸುಲಭ, ಕಟ್ಟಿದ ಮನೆಯಲ್ಲಿ ಅನ್ನ ಬೇಯಿಸುವುದು ಕಷ್ಟ. ನೀರು ಬೇಕಾದವರು ಗುಡ್ಡ ಇಳಿದು ಹೊಳೆಗೆ ಹೋಗಬೇಕು.

ಸರಕಾರದ ದಯೆಯಿಂದ ಹೊಳೆಬದಿಯಲ್ಲಿ ಪಂಪಿನ ಮನೆ ಎದ್ದಿತ್ತು, ಆಯಿಲ್ ಇಂಜಿನು ಬಂದಿತ್ತು, ಗುಡ್ಡದ ನೆತ್ತಿಯಲ್ಲಿ ಟಾಂಕಿ ನಿಂತಿತ್ತು. ಇಂಜಿನನ್ನೂ ಪಂಪನ್ನೂ ಜೋಡಿಸುವ ಬೆಲ್ಟು ಮಾತ್ರ ಬಾಕಿ. ಅದನ್ನು ಮಂಗಳೂರಿನಿಂದ ಬಸ್ಸಿನ ಮೇಲೆ ಹಾಕಿದ್ದರು. ಬಂಟ್ವಾಳದಲ್ಲಿ ಇಳಿಸಬೇಕಾದದ್ದನ್ನು ಕಂಡಕ್ಟರು ಮರೆತ. ಬೆಲ್ಟು ಬೆಳ್ತಂಗಡಿಯನ್ನೂ ದಾಟಿ ಲಾಯಿಲದಲ್ಲಿ ಇಳಿಯಿತು. ಅಲ್ಲಿನ ಅಂಗಡಿಯವನು ಅದನ್ನು ಎಮ್ಮೆ ಕಟ್ಟುವ ಪಟ್ಟಿಯೆಂದು ತಿಳಿದು ಹಗ್ಗಗಳ ಜೊತೆ ತೂಗುಹಾಕಿದ್ದಾನೆ ಎಂಬ ಸುದ್ದಿ ಬೆಳಗಿನ ಮೊದಲ ಬಸ್ಸಿನಲ್ಲಿ ಪಾರೆಪದವಿಗೆ ತಲುಪಿತು. ಬೆಲ್ಟು ತಲುಪಲಿಲ್ಲ.

ಈ ಸುದ್ದಿ ಸಂಕಪ್ಪನಿಗೆ ಗೊತ್ತಿರಲಿಲ್ಲ. ಅವನು ಎಂದಿನಂತೆ ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಡಬ್ಬಿ ತುಂಬುತ್ತಿದ್ದ. ಬಿದಿರಿನ ಕಾವಡಿಕೋಲಿನ ಎರಡು ತುದಿಗೆ ಎರಡು ತಗಡಿನ ಡಬ್ಬಿ. ಹೊಳೆಯಿಂದ ಪೇಟೆಗೆ ನೀರು ಹೊರುವುದು ಅವನ ಕಸುಬು. ಕಸುಬು ಹಿಡಿದಾಗ ಮೀಸೆ ಕಪ್ಪಗಿತ್ತು, ಈಗ ಮೀಸೆಯೂ ಹೆಗಲಿನ ರೋಮವೂ ಬೆಳ್ಳಗಾಗಿದ್ದವು. ಬಲ ಹೆಗಲ ಮೇಲೆ ಕೋಲು ಕೂರುವ ಜಾಗದಲ್ಲಿ ಒಂದು ಗಡ್ಡೆ ಎದ್ದಿತ್ತು. ಹಿಂದಿನಿಂದ ನೋಡಿದವರಿಗೆ ಮೂಸಂಬಿ ಕದ್ದು ಅಂಗಿಯೊಳಗೆ ಅಡಗಿಸಿಟ್ಟವನಂತೆ ಕಾಣುತ್ತಿದ್ದ.

ಅವನ ನೀರಿಗೆ ಒಂದು ಗುರುತಿತ್ತು. ಡಬ್ಬಿಗಳು ಮೊದಲು ಚಿಮಿಣಿ ಎಣ್ಣೆಯವು. ಎಷ್ಟು ತೊಳೆದರೂ ವಾಸನೆ ಹೋಗದಿದ್ದಾಗ ಹೆಂಡತಿ ಪ್ರೇಮಾವತಿ ಲಾವಂಚದ ಬೇರನ್ನು ಜಡೆಯಂತೆ ಹೆಣೆದು ಡಬ್ಬಿಯೊಳಗೆ ಬಿಟ್ಟಳು. ಚಿಮಿಣಿ ಎಣ್ಣೆ ಸೋತಿತು. ಅಂದಿನಿಂದ ಆ ಬೇರು ಡಬ್ಬಿ ಬಿಟ್ಟು ಹೋಗಲಿಲ್ಲ. ಪೇಟೆಯವರು ಕುಡಿದು ಕುಡಿದು ಆ ಪರಿಮಳವನ್ನೇ ನೀರಿನ ವಾಸನೆ ಅಂದುಕೊಂಡುಬಿಟ್ಟಿದ್ದರು. ಕಳೆದ ಮಳೆಗಾಲದಲ್ಲಿ ಪ್ರೇಮಾವತಿ ಇದೇ ಹೊಳೆದಾರಿಯಲ್ಲಿ ಕೊಡದೊಂದಿಗೆ ಜಾರಿ ಬಿದ್ದಳು. ಸೊಂಟ ಮುರಿಯಿತು. ಅಲ್ಲಿಂದ ಅವಳು ಹೊಸ್ತಿಲು ದಾಟಿಲ್ಲ. ಕೂತಲ್ಲಿಂದಲೇ ಲಾವಂಚ ಹೆಣೆಯುತ್ತಾಳೆ. ಮನೆಗೆ ತನ್ನದೂ ಒಂದು ದುಡಿಮೆ ಇರಲಿ ಎಂದು.

ನಳ್ಳಿ ಬಂದ ಮೇಲೆ ತನ್ನ ಕಸುಬು ಮುಗಿಯಿತು ಎಂಬುದು ಸಂಕಪ್ಪನಿಗೆ ಪೈಪು ಹೂಳುವಾಗಲೇ ಗೊತ್ತಾಗಿತ್ತು. ಅವನಿಗೆ ನಳ್ಳಿಯ ಮೇಲೆ ಸಿಟ್ಟಿರಲಿಲ್ಲ. ಪಂಚಾಯತ್ ಚೇರ್ಮನ್ ಕಮಲಾಕ್ಷ ಹೆಗ್ಡೆಯವರು ಒಮ್ಮೆ ಎಲೆ ಹಾಕಿಕೊಳ್ಳುತ್ತ, ಪಂಪಿನ ಮನೆ ಕಾಯಲಿಕ್ಕೆ ಒಬ್ಬ ಜನ ಬೇಕಾಗ್ತದೆ, ನೋಡುವ, ಎಂದಿದ್ದರು. ಆ ‘ನೋಡುವ’ ಎಂಬ ಒಂದು ಮಾತಿನ ಮೇಲೆ ಗಂಡಹೆಂಡಿರು ಇಡೀ ಚಳಿಗಾಲ ಕಳೆದಿದ್ದರು. ಹಗಲು ಸಂಕಪ್ಪ ಅದನ್ನು ನಂಬುತ್ತಿದ್ದ. ರಾತ್ರಿ ಪ್ರೇಮಾವತಿ ನಂಬುತ್ತಿದ್ದಳು. ಇಬ್ಬರೂ ಒಟ್ಟಿಗೆ ನಂಬುವ ಧೈರ್ಯ ಮಾಡಿರಲಿಲ್ಲ.

ಪಂಚಾಯತ್ ಗುಮಾಸ್ತ ರಮಾನಾಥ ಗುಡ್ಡದ ದಾರಿಯಲ್ಲಿ ಓಡಿ ಇಳಿದು ಬಂದ. ಇಸ್ತ್ರಿ ಮಾಡಿದ ಪಂಚೆ ಎತ್ತಿ ಕಟ್ಟಿದ್ದ. ಮುಖ ಮಾತ್ರ ಹಿಂಡಿದ ಬಟ್ಟೆಯ ಹಾಗಿತ್ತು. ಬೆಲ್ಟಿನ ಕತೆಯನ್ನು ಒಂದೇ ಉಸಿರಿಗೆ ಹೇಳಿದ. ಸಾಹೇಬರು ಹೊರಟಾಗಿದೆ, ತಡೆಯುವುದಕ್ಕಿಲ್ಲ. ನಳ್ಳಿಯ ಕಂಬ ಇರುವುದು ಮೊಯಿದಿನಬ್ಬನ ಹೋಟೆಲಿನ ಗೋಡೆಗೆ ತಾಗಿ. ಹೋಟೆಲಿನ ಉಪ್ಪರಿಗೆಯಲ್ಲಿ ಒಂದು ದೊಡ್ಡ ಡ್ರಮ್ಮು ಇಟ್ಟು, ರಬ್ಬರ್ ಕೊಳವೆಯಿಂದ ನಳ್ಳಿಗೆ ಜೋಡಿಸಿದರೆ, ಕಾಲು ಗಂಟೆಯ ಮಾನ ಉಳಿಯುತ್ತದೆ.

“ಡ್ರಮ್ಮಿಗೆ ನೀರು?” ಸಂಕಪ್ಪ ಕೇಳಿದ.

“ಅದಕ್ಕೇ ಅಲ್ವಾ ಮಾರಾಯ ನಾನು ಬಂದದ್ದು.”

ಸಂಕಪ್ಪ ಡಬ್ಬಿಯನ್ನು ನೀರಿಗೆ ಇಳಿಸಲಿಲ್ಲ. ತನ್ನ ಅನ್ನ ಕಿತ್ತುಕೊಳ್ಳುವ ನಳ್ಳಿಗೆ ತಾನೇ ನೀರು ಹೊರುವುದು ಎಂಬ ವಿಚಾರ ಅವನ ತಲೆಗೆ ನಿಧಾನವಾಗಿ, ಗುಡ್ಡ ಹತ್ತುವವರ ಹಾಗೆ, ಹತ್ತಿತು. ರಮಾನಾಥ ಅದನ್ನು ಮುಖದಲ್ಲೇ ಓದಿದ.

“ಹೆಗ್ಡೆಯವರು ಹೇಳಿ ಕಳಿಸಿದ್ದಾರೆ. ಇವತ್ತು ಮಾನ ಉಳಿಸಿದರೆ ಪಂಪಿನ ಕೆಲಸ ನಿನ್ನದೇ. ಸಾಹೇಬರ ಎದುರೇ ಹೇಳ್ತಾರಂತೆ. ಆದರೆ ಬಾಯಿ ಬಿಡ್ಲಿಕ್ಕಿಲ್ಲ.”

‘ನೋಡುವ’ ಎಂಬುದು ‘ನಿನ್ನದೇ’ ಆದದ್ದನ್ನು ಸಂಕಪ್ಪ ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡ. ಆಮೇಲೆ ಡಬ್ಬಿ ಮುಳುಗಿಸಿದ.

ಡ್ರಮ್ಮು ದೊಡ್ಡದು. ಮದುವೆಗೆ ಪಾಯಸ ಮಾಡಿದರೆ ಊರಿಗೇ ಸಾಕಾಗುವಷ್ಟು. ಸಂಕಪ್ಪ ಗುಡ್ಡ ಹತ್ತಿ, ಹೋಟೆಲಿನ ಹಿಂಬದಿಯ ಮರದ ಏಣಿ ಹತ್ತಿ, ಸುರಿದು, ಇಳಿದು, ಮತ್ತೆ ಹೊಳೆಗೆ ಓಡುತ್ತಿದ್ದ. ಉಪ್ಪರಿಗೆಯ ಹಲಗೆಗಳ ನಡುವೆ ಬೆರಳಗಲದ ಸಂದಿಗಳಿದ್ದವು. ಚೆಲ್ಲಿದ ನೀರು ಕೆಳಗೆ ಚಹಾ ಕುಡಿಯುತ್ತಿದ್ದವರ ನೆತ್ತಿಯ ಮೇಲೆ ಬಿತ್ತು. ಒಬ್ಬ ಟೊಪ್ಪಿ ತೆಗೆದು ನೋಡಿ, ಮಾರ್ಚಿನಲ್ಲೇ ಮಳೆ ಬಂತಲ್ಲ ಬ್ಯಾರಿಗಳೆ, ಎಂದ. ಮೊಯಿದಿನಬ್ಬ ಬಿಸಿಬಿಸಿ ಬೋಂಡದ ಪಾತ್ರೆಗೆ ಮುಚ್ಚಳ ಹಾಕಿ, ಮೇಲೆ ನೋಡಿ, ಹಲ್ಲು ಕಚ್ಚಿದ. ಅವನ ದುಃಖ ಬೇರೆಯೇ ಇತ್ತು. ಸಂಕಪ್ಪನ ನೀರೆಲ್ಲ ಉಪ್ಪರಿಗೆಗೆ ಹೋಗುತ್ತಿದ್ದುದರಿಂದ ಅವನ ಒಲೆಯ ಮೇಲಿನ ಪಾತ್ರೆ ಬರಿದಾಗಿತ್ತು. ಪೇಟೆಗೆ ನೀರು ಬರುವ ದಿನ ತನ್ನ ಹೋಟೆಲಿನಲ್ಲಿ ನೀರಿಲ್ಲ, ಇದಕ್ಕಿಂತ ಬರಗಾಲವೇ ವಾಸಿ ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳಿದ.

ನಡುವೆ ಒಮ್ಮೆ ಸಂಕಪ್ಪ ಕಾವಡಿಯೊಂದಿಗೆ ಮಸೀದಿಯ ಹಿಂದಿನ ಓಣಿಗೆ ತಿರುಗಿದ. ಅಲ್ಲಿ ಆಯಿಶಮ್ಮ ಇದ್ದಳು. ಮುದುಕಿ, ಒಂಟಿ, ಕಣ್ಣು ಮಂಜು. ಅವಳ ಜಗಲಿಯಲ್ಲಿ ದಿನಾ ಬೆಳಿಗ್ಗೆ ಒಂದು ಖಾಲಿ ಕೊಡ ಕಾದಿರುತ್ತಿತ್ತು. ಅದು ಖಾಲಿಯಾಗಿ ಉಳಿದ ದಿನವಿಲ್ಲ. ನೀರು ಸುರಿಯುವ ಸದ್ದಿಗೆ ಅವಳು ಒಳಗಿನಿಂದ ಒಂದು ತುಂಡು ಬೆಲ್ಲ ತಂದು ಕೊಡುತ್ತಿದ್ದಳು. ನೀರು ತಂದವನಿಗೇ ಬೆಲ್ಲ ನೀರು ಕೊಡುವ ಮನೆ ಊರಿನಲ್ಲಿ ಅದೊಂದೇ. ಇವತ್ತು ಸಂಕಪ್ಪ ಓಣಿಯ ಬಾಯಿಗೆ ತಲುಪುವಷ್ಟರಲ್ಲಿ ರಮಾನಾಥ ಅಡ್ಡ ನಿಂತ.

“ಸಾಹೇಬರ ನೀರನ್ನು ಎಲ್ಲಿಗೆ ಕೊಂಡುಹೋಗ್ತೀಯ?”

ಸಂಕಪ್ಪ ಓಣಿಯತ್ತ ಒಮ್ಮೆ ನೋಡಿದ. ಕೋಲನ್ನು ಹೆಗಲು ಬದಲಿಸಿ ಹಿಂದಿರುಗಿದ. ಓಣಿಯ ಆ ಕಡೆಯಿಂದ, ಸಂಕಪ್ಪ ಬಂದದ್ದಾ ಎಂದು ಮುದುಕಿ ಕೇಳಿದ್ದು ಅವನಿಗೆ ಕೇಳಿಸಿತ್ತು.

ಡ್ರಮ್ಮು ಮುಕ್ಕಾಲು ತುಂಬಿದಾಗ ರಮಾನಾಥ ಒಂದು ಲೋಟ ಅದ್ದಿ ಬಾಯಿಗಿಟ್ಟ. ಇಟ್ಟದ್ದೇ ಕಿಟಕಿಯಿಂದ ಹೊರಗೆ ಉಗಿದ. ಡ್ರಮ್ಮು ಕೂಡ ಒಂದು ಕಾಲದಲ್ಲಿ ಚಿಮಿಣಿ ಎಣ್ಣೆಯದ್ದೇ. ಸಾಹೇಬರು ಈ ನೀರು ಕುಡಿದು ಆಮೇಲೆ ಬೀಡಿ ಹಚ್ಚಿದರೆ ಮಂಗಳೂರಿಗೆ ಹೆಣವೇ ಹೋಗುವುದು ಎಂದು ಅವನು ತಲೆಯ ಮೇಲೆ ಕೈ ಹೊತ್ತು ಕೂತ. ಚೆಲ್ಲಿ ಮತ್ತೆ ತುಂಬಲು ಸಮಯವಿರಲಿಲ್ಲ.

ಸಂಕಪ್ಪ ಏಣಿ ಇಳಿದು ಮನೆಗೆ ಓಡಿದ.

ಪ್ರೇಮಾವತಿ ಹೊಸ್ತಿಲಿನ ಒಳಗೆ ಚಾಪೆಯ ಮೇಲಿದ್ದಳು. ಅವನು ಹೇಳಿದ್ದನ್ನು ಕೇಳಿ, ಹೆಣೆದಿಟ್ಟ ಲಾವಂಚವನ್ನೆಲ್ಲ ಎಳೆದು ಮಡಿಲಿಗೆ ಹಾಕಿಕೊಂಡಳು. ಸಾಲದು ಎಂದು ತಲೆದಿಂಬಿನ ಅಡಿಯಿಂದಲೂ ಒಂದು ಕಟ್ಟು ತೆಗೆದಳು. ನೋವಿಗೆ ನಿದ್ದೆ ಬಾರದಾಗ ಅದನ್ನು ಮೂಸಿಕೊಂಡು ಮಲಗುವುದು ಅವಳ ಅಭ್ಯಾಸವಾಗಿತ್ತು.

“ಅದು ಇರಲಿ,” ಅಂದ ಸಂಕಪ್ಪ.

“ಕೊಂಡುಹೋಗಿ. ಕೆಲಸ ಸಿಕ್ಕಿದರೆ ಗುಡ್ಡ ಹತ್ತುವುದು ತಪ್ತದೆ ನಿಮಗೆ. ನನಗೆ ನಿದ್ದೆ ಹಾಗೇ ಬರ್ತದೆ.”

ಇವತ್ತು ಮೊದಲ ಸಲ ಇಬ್ಬರೂ ಒಂದೇ ಹೊತ್ತಿಗೆ ನಂಬಿದರು.

ಲಾವಂಚ ಬಿದ್ದ ಮೇಲೆ ಡ್ರಮ್ಮಿನ ಸಿಟ್ಟು ಇಳಿಯಿತು. ರಮಾನಾಥ ಮತ್ತೆ ಕುಡಿದು ನೋಡಿದ. ಈ ಸಲ ನುಂಗಿದ. ಸಂಕಪ್ಪನನ್ನು ಉಪ್ಪರಿಗೆಯಲ್ಲೇ ಕೂರಿಸಿ, ತುಂಬಿದ ಎರಡು ಡಬ್ಬಿ ಪಕ್ಕದಲ್ಲಿಟ್ಟು, ನೀರು ಇಳಿದ ಹಾಗೆ ಸುರಿಯುತ್ತಾ ಇರು, ಕೆಮ್ಮು ಬಂದರೂ ಕೆಮ್ಮಬೇಡ, ಎಂದು ಹೇಳಿ ಕಿಟಕಿ ಮುಚ್ಚಿ ಹೋದ.

ಹೀಗಾಗಿ ಪಾರೆಪದವಿಗೆ ನೀರು ಬಂದ ಸಮಾರಂಭವನ್ನು ಸಂಕಪ್ಪ ನೋಡಲಿಲ್ಲ. ಹಲಗೆಯ ಸಂದಿಯಿಂದ ಕೇಳಿದ.

ಜೀಪು ಬಂದ ಸದ್ದು. ಶಾಲೆಯ ಮಕ್ಕಳ ಪ್ರಾರ್ಥನೆ. ಹೆಗ್ಡೆಯವರ ಭಾಷಣ. ಹೆಗ್ಡೆಯವರ ಕನ್ನಡ ಗ್ರಂಥದ ಕನ್ನಡ. ಗಂಗಾವತರಣದಿಂದ ಹೊರಟು ಪಾರೆಪದವಿಗೆ ಬರುವಷ್ಟರಲ್ಲಿ ಮಕ್ಕಳು ಬಿಸಿಲಿಗೆ ಬಾಡಿದ್ದರು. ಸಾಹೇಬರು ಮೈಸೂರು ಕಡೆಯವರು, ಮಾತು ಕಮ್ಮಿ. ನಳ್ಳಿ ತಿರುಗಿಸಿದರು. ಮೊದಲು ಒಂದು ಬಿಕ್ಕಳಿಕೆ ಬಂತು. ರಮಾನಾಥನ ಉಸಿರು ನಿಂತದ್ದು ಮೇಲಿದ್ದವನಿಗೂ ತಿಳಿಯಿತು. ಆಮೇಲೆ ನೀರು ಬಂತು, ಚಪ್ಪಾಳೆ ಬಿತ್ತು. ಆ ಗದ್ದಲದಲ್ಲಿ ಸಂಕಪ್ಪ ಒಂದು ಡಬ್ಬಿ ಸುರಿದ.

“ಇಂಜಿನ್ ಶಬ್ದಾನೇ ಕೇಳಿಸ್ತಾ ಇಲ್ವಲ್ಲ?” ಸಾಹೇಬರು ಕೇಳಿದರು.

“ಒಳ್ಳೆ ಕಂಪೆನಿಯದ್ದು ಸರ್,” ಅಂದರು ಹೆಗ್ಡೆಯವರು.

ಸಾಹೇಬರು ಬೊಗಸೆಯಲ್ಲಿ ಹಿಡಿದು ಕುಡಿದರು. ಇನ್ನೊಂದು ಬೊಗಸೆ ಕುಡಿದರು. ಇಂಥ ನೀರು ನಾನು ಜಿಲ್ಲೆಯಲ್ಲೇ ಕುಡಿದಿಲ್ಲ, ಇದೇನು ಪರಿಮಳ, ಎಂದರು.

ಕೂಡಲೇ ಎಲ್ಲರೂ ಬೊಗಸೆ ಒಡ್ಡಿದರು. ಸಾಹೇಬರಿಗೆ ಬಂದ ಪರಿಮಳ ಊರವರಿಗೆ ಬಾರದೆ ಇರಲು ಸಾಧ್ಯವಿರಲಿಲ್ಲ. ಒಬ್ಬ, ನೀರು ಎಂದರೆ ಇದು, ಎಂದ. ಮತ್ತೊಬ್ಬ, ಪೈಪಿನಲ್ಲಿ ಬಂದ ನೀರಿಗೂ ಹೊತ್ತು ತಂದ ನೀರಿಗೂ ವ್ಯತ್ಯಾಸ ಉಂಟೇ ಉಂಟು, ಎಂದು ತೀರ್ಪು ಕೊಟ್ಟ. ಉಪ್ಪರಿಗೆಯ ಗುಟ್ಟು ಗೊತ್ತಿದ್ದ ಮೊಯಿದಿನಬ್ಬನೂ ಕುಡಿದ. ಅವನಿಗೆ ತನ್ನ ಕಣ್ಣಿಗಿಂತ ಸಾಹೇಬರ ನಾಲಗೆಯ ಮೇಲೆ ಹೆಚ್ಚು ನಂಬಿಕೆ.

“ಇಷ್ಟು ವರ್ಷ ಸಂಕಪ್ಪ ನಮಗೆ ಕುಡಿಸಿದ್ದು ಎಂತದ್ದು ಹಾಗಾದರೆ?” ಅಂದ.

ಜನ ನಕ್ಕರು. ಮೇಲೆ ಸಂಕಪ್ಪ ಎರಡನೆಯ ಡಬ್ಬಿಯನ್ನು ಎತ್ತಿದವನು ಎತ್ತಿದಂತೆಯೇ ಇದ್ದ. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಡಬ್ಬಿ ಇಳಿಸಿ ಅವನೂ ಒಂದು ಬೊಗಸೆ ಕುಡಿದು ನೋಡಿದ. ತನ್ನದೇ ನೀರು. ಆದರೂ ಕೆಳಗಿನಿಂದ ಅಷ್ಟು ಜನ ಹೊಗಳಿದ ಮೇಲೆ ಅವನಿಗೂ ಎಂದಿಗಿಂತ ತುಸು ರುಚಿಯೆನಿಸಿತು.

ಆಗ ಕೋಲೂರಿಕೊಂಡು ಆಯಿಶಮ್ಮ ಬಂದಳು. ಸಾಹೇಬರೇ ಅವಳಿಗೆ ದಾರಿ ಬಿಡಿಸಿ, ಕೊಡವನ್ನು ನಳ್ಳಿಯ ಕೆಳಗೆ ಇಡಿಸಿ, ಮೊದಲು ಕುಡೀರಿ ತಾಯಿ, ಎಂದರು. ಮುದುಕಿ ಬಾಯಿಗೆ ಹಾಕಿಕೊಂಡಳು. ಮುಖ ಅರಳಿತು. ಸುತ್ತ ತಿರುಗಿ, ಕಾಣದ ಕಣ್ಣಿನಲ್ಲಿ ಹುಡುಕಿದಳು.

“ಸಂಕಪ್ಪಾ, ಎಲ್ಲಿದ್ದೀಯ? ಬೆಳಿಗ್ಗೆ ಕಾದು ಕಾದು ಸಾಕಾಯ್ತು ನನಗೆ.”

ಯಾರೋ ಕಿಸಕ್ಕೆಂದರು. ರಮಾನಾಥ ಮುಂದೆ ಬಂದು, ಇದು ಸಂಕಪ್ಪನ ನೀರಲ್ಲ ಅಜ್ಜಿ, ನಳ್ಳಿ ನೀರು, ಎಂದು ಬಿಡಿಸಿ ಹೇಳಿದ.

“ನನಗೆ ಕಣ್ಣಿಲ್ಲ, ಮೂಗು ಉಂಟು,” ಅಂದಳು ಆಯಿಶಮ್ಮ. “ಇದು ಅವನದೇ. ಪ್ರೇಮಾವತಿ ಹೆಣೆದದ್ದು.”

ಸಂಕಪ್ಪ ಉಸಿರು ಹಿಡಿದ. ಇಲ್ಲೇ ಇದ್ದೇನೆ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ಅದನ್ನು ತಡೆದದ್ದು ಪಂಪಿನ ಮನೆಯ ಕೆಲಸ. ಕೆಳಗೆ ಹೆಗ್ಡೆಯವರು ಸಾಹೇಬರಿಗೆ, ವಯಸ್ಸಾಯ್ತು ಸರ್, ಬುದ್ಧಿ ಸ್ವಲ್ಪ ಆಚೀಚೆ, ಎಂದು ಹೇಳುವುದು ಕೇಳಿಸಿತು. ಕೊಡ ತುಂಬಿಸಿಕೊಂಡು ಮುದುಕಿ ಹೋದಳು. ಹೋಗುವಾಗ ನಳ್ಳಿಯ ಕಟ್ಟೆಯ ಮೇಲೆ ಒಂದು ತುಂಡು ಬೆಲ್ಲ ಇಟ್ಟು ಹೋದಳು.

ಇನ್ನು ಡ್ರಮ್ಮಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ರಮಾನಾಥ ಉಪಾಯದಿಂದ ನಳ್ಳಿ ನಿಲ್ಲಿಸಿದ. ಹೆಗ್ಡೆಯವರು ಕೊಟ್ಟ ಮಾತಿಗೆ ತಪ್ಪುವವರಲ್ಲ, ಅದನ್ನು ಹೇಳಲೇಬೇಕು. ಅವರು ಗಂಟಲು ಸರಿಮಾಡಿಕೊಂಡು, ಪಂಪಿನ ಮನೆಗೆ ಒಬ್ಬ ಜನ ಬೇಕು, ಒಬ್ಬ ಪಾಪದವ ಇದ್ದಾನೆ, ಇವತ್ತೇ ಆರ್ಡರು ಆದರೆ ಉಪಕಾರ ಎಂದರು.

“ಈಗೇನ್ಮಾಡ್ತಿದಾನೆ ಆತ?”

“ಹೊಳೆಯಿಂದ ಚಿಮಿಣಿ ಎಣ್ಣೆ ಡಬ್ಬಿಯಲ್ಲಿ ನೀರು ಹೊರುವುದು ಸರ್. ತುಂಬ ವರ್ಷದಿಂದ.”

ಸಾಹೇಬರು ಯೋಚಿಸಿದರು. ಹಲಗೆಯ ಸಂದಿಗೆ ಕಿವಿ ಕೊಟ್ಟು ಸಂಕಪ್ಪ ಮಂಡಿಯೂರಿದ.

“ಬೇಡ,” ಎಂದರು ಸಾಹೇಬರು. “ಈ ಪರಿಮಳ ಎಲ್ಲಿಂದ ಬಂತು, ಯೋಚನೆ ಮಾಡಿದೀರಾ? ನಿಮ್ಮ ಹೊಳೆದಡದಲ್ಲಿ ಲಾವಂಚ ಬೆಳೆದಿದೆ. ಹಳ್ಳಿಯವರಿಗೆ ಇದರ ಬೆಲೆ ಗೊತ್ತಿಲ್ಲ. ಎಣ್ಣೆ ಡಬ್ಬಿ ಅದ್ದಿ ಅದ್ದಿ ಕೆಡಿಸ್ತಿದ್ರು. ಅದೇ ಅಭ್ಯಾಸ ಇರೋನನ್ನ ಹೊಳೆ ಕಾಯೋಕೆ ಇಡ್ತೀರಾ? ಮೊದಲು ಅವನನ್ನೇ ಅಲ್ಲಿಗೆ ಬಿಡಬೇಡಿ. ನಾಳೆನೇ ಬೇಲಿ ಹಾಕಿಸಿ. ಇನ್ನು ಮೇಲೆ ಆ ಹೊಳೆಗೆ ಯಾರೂ ಇಳಿಯಕೂಡದು.”

“ಹಾಗೇ ಆಗ್ಲಿ ಸರ್,” ಅಂದರು ಹೆಗ್ಡೆಯವರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. ನಿಜ ಹೇಳಿದರೆ ಕೆಲಸ ಕೊಡಿಸಬಹುದಿತ್ತು. ಆದರೆ ನಿಜ ಹೇಳಿದರೆ ನಳ್ಳಿ ಹೋಗುತ್ತಿತ್ತು, ಚೇರ್ಮನ್‌ಗಿರಿಯೂ ಹೋಗುತ್ತಿತ್ತು.

ಜೀಪು ತಿರುವು ದಾಟಿತು. ಊರವರು ಕೊಡ ಹಿಡಿದು ನಳ್ಳಿಗೆ ನುಗ್ಗಿದರು. ಮೊದಲಿನವನ ಕೊಡ ಅರ್ಧ ತುಂಬಿತು, ಆಮೇಲೆ ಗಾಳಿ ಬಂತು. ಇಂಜಿನಿಗೆ ವಿಶ್ರಾಂತಿ ಕೊಟ್ಟಿದ್ದೇವೆ ಎಂದು ರಮಾನಾಥ ಹೇಳಿದ. ಸಂಕಪ್ಪ ಡ್ರಮ್ಮಿನ ತಳದಿಂದ ಒದ್ದೆ ಲಾವಂಚವನ್ನು ಒಂದೊಂದಾಗಿ ಹೆಕ್ಕಿ, ಹಿಂಡಿ, ಅಂಗಿಯಲ್ಲಿ ಕಟ್ಟಿಕೊಂಡು ಹಿಂಬದಿಯ ಏಣಿಯಲ್ಲಿ ಇಳಿದ.

ಮನೆಯಲ್ಲಿ ಪ್ರೇಮಾವತಿ ಅಂಗಿಯ ಗಂಟಿಗೆ ಕೈ ಚಾಚಿದಳು. ಅವನು ಬರುವ ನಡಿಗೆಯಲ್ಲೇ ಅವಳಿಗೆ ಉತ್ತರ ಸಿಕ್ಕಿತ್ತು. ತನ್ನ ಕಟ್ಟನ್ನು ಗುರುತಿಸಿ ತೆಗೆದು ಮೂಸಿ ನೋಡಿದಳು.

“ಚಿಮಿಣಿ ಎಣ್ಣೆ ವಾಸನೆ ಬರ್ತಾ ಉಂಟು,” ಎಂದಳು.

“ಬಿಸಿಲಿಗೆ ಇಡುವ,” ಅಂದ ಸಂಕಪ್ಪ.

ಮರುದಿನ ಬೆಳಿಗ್ಗೆ ಲಾಯಿಲದಿಂದ ಸುದ್ದಿ ಬಂತು. ಬೆಲ್ಟನ್ನು ಯಾರೋ ಎಮ್ಮೆಗೆಂದು ಕೊಂಡುಹೋಗಿದ್ದರು. ಹೊಸದಕ್ಕೆ ಮದ್ರಾಸಿಗೆ ಬರೆಯಬೇಕು. ಅದೇ ಹೊತ್ತಿಗೆ ಸಾಹೇಬರ ಕಚೇರಿಯ ಜವಾನ ಬಂದು ಬೇಲಿ ಆಯಿತೇ ಎಂದು ವಿಚಾರಿಸಿದ, ಆಗುವವರೆಗೆ ಹೋಗುವುದಿಲ್ಲವೆಂದು ಪಂಚಾಯತಿನ ಬೆಂಚಿನಲ್ಲಿ ಕೂತ. ಬೇಲಿಗೆ ಆಳು ಬೇಕಾಯಿತು. ಹೊಳೆದಾರಿ ಗೊತ್ತಿದ್ದು, ಕೈಯಲ್ಲಿ ಬೇರೆ ಕೆಲಸವಿಲ್ಲದವನು ಪೇಟೆಯಲ್ಲಿ ಒಬ್ಬನೇ ಇದ್ದ. ರಮಾನಾಥ ತಲೆ ತಗ್ಗಿಸಿಕೊಂಡು ಬಂದು ಕರೆದ. ಸಂಕಪ್ಪ ಅಭ್ಯಾಸದಂತೆ ಕಾವಡಿ ಹೊತ್ತುಕೊಂಡೇ ಹೋದ.

ದಿನವಿಡೀ ಗೂಟ ಊರಿ ಮುಳ್ಳು ಕಟ್ಟಿದರು. ಸಂಜೆಗೆ ಒಂದು ಗೂಟ ಕಡಿಮೆ ಬಿದ್ದು ಒಂದು ಕಡೆ ತೆರೆದೇ ಉಳಿಯಿತು. ಸಂಕಪ್ಪ ದಿನಾ ನೀರಿಗೆ ಇಳಿಯುತ್ತಿದ್ದ, ಕಾಲು ಸವೆಸಿದ ಜಾಗ ಅದು.

“ಎಂತಾದರೂ ಒಂದನ್ನು ಊರಿಬಿಡು ಮಾರಾಯ, ಜವಾನ ಕೂತಿದ್ದಾನೆ,” ಎಂದ ರಮಾನಾಥ.

ಸಂಕಪ್ಪ ಕಾವಡಿಕೋಲಿನಿಂದ ಡಬ್ಬಿಯ ಹಗ್ಗ ಬಿಚ್ಚಿದ. ಕೋಲನ್ನು ಅಲ್ಲಿ ಊರಿ, ಕಲ್ಲಿನಿಂದ ಬಡಿದು, ಬಿಗಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿದ. ಬಿಗಿಯಾಗಿತ್ತು.

ಆ ದಿನ ಮೊಯಿದಿನಬ್ಬನ ಹೋಟೆಲಿನಲ್ಲಿ ಚಹಾ ಇರಲಿಲ್ಲ.